ಚಿಕ್ಕಂದಿನಿಂದಲೂ ಏದುಸಿರು

ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆಂದು ನಾನು ಬಂಟ್ವಾಳದ ಒಂದು ಲ್ಯಾಬಿಗೆ ಹೋಗುತ್ತೇನೆ. ಅಲ್ಲಿಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತವರಿಗೆ ನನ್ನ ಎದೆಯೊಳಗಿನ ಸದ್ದು ಕೇಳಿಸುತ್ತದೆ. ಒಮ್ಮೆ ಒಬ್ಬ ಹೆಂಗಸು ನನ್ನ ಬರಿಗೈ ನೋಡಿ, "ವಾಚ್ ಬ್ಯಾಗಿನಲ್ಲಿ ಉಂಟಾ?" ಎಂದು ಕೇಳಿದರು. "ಬ್ಯಾಗಿನಲ್ಲಿ ಅಲ್ಲ, ಎದೆಯಲ್ಲಿ. ಹೃದಯದ ವಾಲ್ವ್ ಬದಲಿಸಿದ್ದಾರೆ, ಲೋಹದ್ದು," ಎಂದೆ. ಅಯ್ಯೋ ದೇವರೇ ಎಂದು ಅವರು ತಮ್ಮ ಎದೆ ಮುಟ್ಟಿಕೊಂಡರು. ಮರುಕ್ಷಣವೇ, "ಇನ್ಶೂರೆನ್ಸ್ ಸಿಕ್ಕಿತಾ?" ಎಂದರು. ಎಲ್ಲರೂ ಕೇಳುವುದು ಅದನ್ನೇ. ನೋವಾಯಿತಾ, ಹೆದರಿಕೆಯಾಯಿತಾ ಎಂದು ಕೇಳಿದವರು ಇಬ್ಬರೋ ಮೂವರೋ. ಇನ್ಶೂರೆನ್ಸಿನ ಪ್ರಶ್ನೆಗೆ ಬೆಂಚಿನ ಮೇಲೆ ಕುಳಿತು ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸದ ವಿಷಯ ಹೇಳಬೇಕು. ಮೂಡಬಿದಿರೆಯ ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಬೇಕರಿ, ಅದರ ಮೇಲೆ ಟೈಲರಿಂಗ್ ಕ್ಲಾಸು, ಅದರ ಮೇಲೆ ಅಮೆರಿಕ. ಆ ದೇಶದಲ್ಲಿ ದೊಡ್ಡ ಚಿಕಿತ್ಸೆ ಮಾಡುವ ಮೊದಲು ಆಸ್ಪತ್ರೆಯವರು ಇನ್ಶೂರೆನ್ಸ್ ಕಂಪೆನಿಯ ಅನುಮತಿ ಕೇಳಬೇಕು. ಅದಕ್ಕಾಗಿ ಅವರು ಕಳಿಸುವ ಕಾಗದಗಳು ನಮ್ಮ ಕಂಪ್ಯೂಟರಿಗೆ ಬರುತ್ತವೆ. ಒಬ್ಬೊಬ್ಬರದು ಅರವತ್ತು, ಎಂಬತ್ತು ಪುಟ. ಅಷ್ಟನ್ನೂ ಓದಿ, ಮುಖ್ಯವಾದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ ಕಳಿಸುವುದು ನಮ್ಮ ಕೆಲಸ. ಅಲ್ಲಿ ಕೂತ ಡಾಕ್ಟರು ಹಳದಿಯನ್ನಷ್ಟೇ ನೋಡಿ ಹೌದು ಅಥವಾ ಇಲ್ಲ ಎನ್ನುತ್ತಾರೆ. ಮುಖ್ಯವಾದ ಸಾಲು ಎಂದರೆ ಯಾವುದು ಎಂದು ನಮಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಇಲ್ಲ ಎನ್ನಲು ದಾರಿ ಮಾಡಿಕೊಡುವ ಸಾಲು ಹುಡುಕಿದವರಿಗೆ ತಿಂಗಳ ಕೊನೆಯಲ್ಲಿ ಶಹಬ್ಬಾಸ್ ಸಿಗುತ್ತಿತ್ತು, ಅಷ್ಟು ಸಾಕಿತ್ತು.

ನನಗೆ ಶಹಬ್ಬಾಸ್ ಬಹಳ ಸಿಕ್ಕಿದೆ. ಮೊಣಕಾಲು ಬದಲಿಸಬೇಕಾದ ಒಬ್ಬ ಅಜ್ಜ, ನರ್ಸಿನ ಎದುರು ಮರ್ಯಾದೆ ಬಿಡಲಾಗದೆ, ದಿನಾ ನಾಯಿಯನ್ನು ಕರೆದುಕೊಂಡು ಒಂದು ಸುತ್ತು ನಡೆಯುತ್ತೇನೆ ಎಂದುಬಿಟ್ಟಿದ್ದ. ಐವತ್ತಮೂರನೇ ಪುಟದ ಮೂಲೆಯಲ್ಲಿತ್ತು ಆ ಮಾತು. ಹುಡುಕಿ ಹಳದಿ ಹಚ್ಚಿದವಳು ನಾನೇ. ಅಜ್ಜನ ಆಪರೇಷನ್ನಿಗೆ ಅನುಮತಿ ಸಿಗಲಿಲ್ಲ. ನಮ್ಮ ಟೀಮ್ ಲೀಡರ್ ರೋಶನ್, ನನಗಿಂತ ಹತ್ತು ವರ್ಷ ಚಿಕ್ಕವನು, "ವನಿತಕ್ಕನ ಕಣ್ಣಲ್ವಾ ಕಣ್ಣು!" ಎಂದು ಎಲ್ಲರಿಗೂ ಬೇಕರಿಯಿಂದ ಪಫ್ಸ್ ತರಿಸಿದ್ದ. ನಾನು ಎರಡು ತಿಂದೆ.

ಆ ಕಾಂಪ್ಲೆಕ್ಸಿಗೆ ಲಿಫ್ಟ್ ಇಲ್ಲ. ನನ್ನ ಕಾಯಿಲೆ ಗೊತ್ತಾದದ್ದೇ ಆ ಮೆಟ್ಟಿಲಿನಿಂದ. ಟೈಲರಿಂಗ್ ಕ್ಲಾಸಿನ ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು ಅಭ್ಯಾಸವಾಯಿತು. ಮೊದಲು ಒಮ್ಮೆ ನಿಲ್ಲುತ್ತಿದ್ದೆ, ಆಮೇಲೆ ಎರಡು ಸಲ. ಮೂವತ್ತೊಂಬತ್ತು ವರ್ಷ, ರಕ್ತ ಕಡಿಮೆ ಇರಬೇಕು, ಮೈ ಬಂದಿದೆ, ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕೆಮ್ಮು ಬಂತು, ಉಗುಳಿದರೆ ರಕ್ತದ ಎಳೆ. ಗಂಡ ಸದಾನಂದ ಐಟಿಐಯಲ್ಲಿ ಇನ್‌ಸ್ಟ್ರಕ್ಟರ್. ಕ್ಲಾಸಿಗೆ ಹೊರಟು ನಿಂತವರು ಅದನ್ನು ಕಂಡು ಚಪ್ಪಲಿ ಕಳಚಿದರು. "ಆಫೀಸಿಗೆ ಫೋನ್ ಮಾಡು. ಡಾಕ್ಟ್ರ ಹತ್ರ ಹೋಗುವ," ಎಂದರು.

ಬಿ.ಸಿ. ರೋಡಿನ ಡಾಕ್ಟರು ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ. ಅವರು ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಎಕೋ ಮಾಡಿಸಲು ಮೂರು ಗಂಟೆ ಕಾದೆವು. ನನ್ನ ಎದುರಿಗೆ ಕುಳಿತಿದ್ದ ಮುದುಕಿ ತನ್ನ ಟೋಕನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಪ್ರತಿ ಸಲ ನಂಬರ್ ಕೂಗಿದಾಗಲೂ ಬಿಚ್ಚಿ ನೋಡುತ್ತಿದ್ದಳು. ಈಗಲೂ ಆ ದಿನ ಎಂದರೆ ನನಗೆ ಆ ಗಂಟೇ ನೆನಪಾಗುತ್ತದೆ. ದೊಡ್ಡ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು, ಹೃದಯದ ಒಂದು ಕವಾಟ ಗಟ್ಟಿಯಾಗಿ ಕುಗ್ಗಿದೆ, ಬದಲಿಸದೆ ಬೇರೆ ದಾರಿಯಿಲ್ಲ ಎಂದರು. ಮಕ್ಕಳೆಷ್ಟು ಎಂದು ಕೇಳಿದರು. ಆಗಲಿಲ್ಲ ಎಂದೆ. "ಒಳ್ಳೇದೇ ಆಯ್ತು, ಹೆರಿಗೆಯಲ್ಲಿ ಜೀವ ಹೋಗ್ತಿತ್ತು," ಎಂದರು, ಸಮಾಧಾನ ಹೇಳುವ ಧ್ವನಿಯಲ್ಲಿ. ಹದಿನಾಲ್ಕು ವರ್ಷ ಯಾವ ದೇವಸ್ಥಾನವನ್ನೂ ಬಿಡದೆ ಸುತ್ತಿದವಳು ನಾನು. ಅಲ್ಲೇ ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಮುಂಡಾಜೆಯಿಂದ ಅಮ್ಮ ಬಂದಳು. ಅಮ್ಮನನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿ ನಿವೃತ್ತಳಾದವಳು, ಅಪ್ಪ ಹೋದ ಮೇಲೆ ತನ್ನ ತಂಗಿಯ ಮನೆಯಲ್ಲಿರುವವಳು. ಮಕ್ಕಳ ತೂಕದ ರಿಜಿಸ್ಟರ್ ಎಂದರೆ ಅವಳಿಗೆ ದೇವರ ಪಟಕ್ಕಿಂತ ಹೆಚ್ಚು. ಮಗುವಿನ ತೂಕ ಕಡಿಮೆ ಬಂದರೆ ಕಡಿಮೆಯೇ ಬರೆಯುತ್ತಿದ್ದಳು. ಮೇಲಿನವರು ಬಂದು, ಸ್ವಲ್ಪ ಜಾಸ್ತಿ ತೋರಿಸಿ, ನಮಗೂ ತೊಂದರೆ ಇಲ್ಲ ನಿಮಗೂ ತೊಂದರೆ ಇಲ್ಲ ಎಂದರೆ, "ಮಗು ಸಪೂರ ಉಂಟು, ನಾನು ಬರೆದ್ರೆ ತೋರ ಆಗ್ತದಾ?" ಎಂದು ಕೇಳುತ್ತಿದ್ದಳಂತೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಡಾಕ್ಟರ ಎದುರು ಮಾತ್ರ ಅಮ್ಮ ಕನ್ನಡಕ್ಕೆ ಬರುತ್ತಾಳೆ, ಅದೂ ಅಂಗನವಾಡಿಯ ಮೀಟಿಂಗಿನಲ್ಲಿ ವರದಿ ಒಪ್ಪಿಸುವ ನಿಧಾನದ ಕನ್ನಡ.

ಆಸ್ಪತ್ರೆಗೆ ಸೇರಿದ ದಿನ ನನಗೆ ಉಸಿರು ಕಟ್ಟಿ ಮುಖಕ್ಕೆ ಮಾಸ್ಕ್ ಹಾಕಿದ್ದರು. ಹುಬ್ಬಳ್ಳಿ ಕಡೆಯ ಒಬ್ಬ ಎಳೆಯ ಡಾಕ್ಟರು ಪೆನ್ನು ಹಿಡಿದು ಬಂದು, ಎಷ್ಟು ದಿನದಿಂದ ತೊಂದರೆ ಎಂದು ಕೇಳಿದರು. ಸದಾನಂದ ಕೆಳಗೆ ಕೌಂಟರಿನ ಸಾಲಿನಲ್ಲಿದ್ದರು. ನಾನು ಕೈಯೆತ್ತಿ ಮೂರು ಬೆರಳು ತೋರಿಸಿದೆ, ಮೂರು ತಿಂಗಳು ಎಂದು. ಅಮ್ಮ ಎದ್ದು ನಿಂತಳು.

"ಮೂರು ತಿಂಗಳಲ್ಲ ಡಾಕ್ಟ್ರೇ. ಇವಳಿಗೆ ಚಿಕ್ಕಂದಿನಿಂದಲೂ ಏದುಸಿರು ಉಂಟು. ಆರನೇ ಕ್ಲಾಸಿನಲ್ಲಿ ಗಂಟುಗಂಟು ಬಾತು ಜ್ವರ ಬಂದಿತ್ತು. ನಾನೇ ಉಜಿರೆಗೆ ಕರ್ಕೊಂಡು ಹೋಗಿ ಇಪ್ಪತ್ತೊಂದು ದಿನಕ್ಕೊಮ್ಮೆ ಇಂಜೆಕ್ಷನ್ ಕೊಡಿಸಿದ್ದೇನೆ, ಎರಡು ವರ್ಷ. ಆಮೇಲೆ ಇವಳೇ ಹಠ ಮಾಡಿ ಬಿಟ್ಟದ್ದು."

ನಾನು ತಲೆ ಅಲ್ಲಾಡಿಸಿದೆ. ಮಾಸ್ಕಿನೊಳಗಿಂದ ಏನೋ ಹೇಳಿದೆ. "ನೀನು ಸುಮ್ಮನಿರು, ಡಾಕ್ಟ್ರಿಗೆ ಎಲ್ಲ ಹೇಳ್ಬೇಕು," ಎಂದಳು. ಆ ಡಾಕ್ಟರು ಬರೆಯುತ್ತಲೇ, "ಇಷ್ಟು ಕ್ಲಿಯರ್ ಆಗಿ ಯಾರೂ ಹೇಳಂಗಿಲ್ರಿ ಅಮ್ಮಾ," ಎಂದರು. ಅಮ್ಮನ ಮುಖ ಅರಳಿತು. ನಾನು ಮಾತ್ರ ಆ ಪೆನ್ನನ್ನೇ ನೋಡುತ್ತಿದ್ದೆ. ನನಗೆ ಹೃದಯದ ಕಾಯಿಲೆ ಉಂಟು ಎಂದು ಕೇಳಿದಾಗ ಆಗದ ಹೆದರಿಕೆ ಆಗ ಆಯಿತು.

ಯಾಕೆ ಎಂದು ಹೇಳುತ್ತೇನೆ. ಅಮೆರಿಕದ ಇನ್ಶೂರೆನ್ಸಿಗೆ ದಿನವಿಡೀ ದುಡಿಯುವ ನನಗೆ ಆಫೀಸಿನಿಂದ ಇನ್ಶೂರೆನ್ಸ್ ಇರಲಿಲ್ಲ, ಗುತ್ತಿಗೆಯ ಕೆಲಸ. ಸರಕಾರದ ಯೋಜನೆಯಲ್ಲಿ ನಮ್ಮಂಥ ಎಪಿಎಲ್ ಕಾರ್ಡಿನವರಿಗೆ ಸಿಗುವುದು ಒಂದು ಚೂರು. ಹಾಗಾಗಿ ಕಾಯಿಲೆ ಗೊತ್ತಾಗುವ ಎರಡು ವರ್ಷ ಮೊದಲು ನಾವೇ ಒಂದು ಪಾಲಿಸಿ ಮಾಡಿಸಿದ್ದೆವು. ಏಜೆಂಟರು ನಮ್ಮ ಜಗಲಿಯಲ್ಲಿ ಕುಳಿತು, "ಶುಗರ್ ಇಲ್ಲ, ಬಿಪಿ ಇಲ್ಲ, ಹೃದಯದ ತೊಂದರೆ ಇಲ್ಲ, ಎಂತದೂ ಇಲ್ಲ ಅಲ್ವಾ ಅಕ್ಕ," ಎನ್ನುತ್ತ ಅವರೇ ಟಿಕ್ ಹಾಕಿದ್ದರು. ನಾನು ಸುಳ್ಳು ಹೇಳಿರಲಿಲ್ಲ. ಉಜಿರೆಯ ಇಂಜೆಕ್ಷನ್ ನೆನಪಿತ್ತು, ಆದರೆ ಅದು ಗಂಟುಜ್ವರಕ್ಕೆ ಎಂದೇ ತಿಳಿದಿದ್ದೆ. ಆ ಜ್ವರ ಹೃದಯದ ಕವಾಟವನ್ನೂ ಕೆಡಿಸುತ್ತದೆ, ಇಂಜೆಕ್ಷನ್ ಅದನ್ನು ತಡೆಯಲು ಎಂದು ನನಗೂ ಅಮ್ಮನಿಗೂ ಯಾರು ಬಿಡಿಸಿ ಹೇಳಿದ್ದರು? ಒಳಗೆ ಇದ್ದ ಕಾಯಿಲೆ ಗೊತ್ತೇ ಇರಲಿಲ್ಲ ಎಂದಾದರೆ ಕಂಪೆನಿಯವರು ಹೆಚ್ಚು ಮಾತಾಡುವಂತಿಲ್ಲ. ಗೊತ್ತಿತ್ತು ಎಂದು ತೋರಿಸುವ ಒಂದೇ ಒಂದು ಸಾಲು ಸಿಕ್ಕರೆ ಅವರ ಕೆಲಸ ಸುಲಭ. ಆ ಸಾಲು ಈಗ ನನ್ನ ಕೇಸ್ ಶೀಟಿನಲ್ಲಿತ್ತು.

ಮರುದಿನ ಮಧ್ಯಾಹ್ನ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಹುಡುಗಿ ಸದಾನಂದರನ್ನು ಕರೆಸಿದಳು. ನಾನೂ ಗಾಲಿಕುರ್ಚಿಯಲ್ಲಿ ಹೋದೆ. "ಕಂಪೆನಿಯಿಂದ ಪ್ರಶ್ನೆ ಬಂದಿದೆ ಅಕ್ಕ," ಎಂದು ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹನ್ನೆರಡು ಪುಟದ ಕಡತದಲ್ಲಿ ಅವರು ಹಿಡಿದದ್ದು ಒಂದೇ ಮಾತು, ಚಿಕ್ಕಂದಿನಿಂದಲೂ ಏದುಸಿರು. ಓದುವ ಅಗತ್ಯವೇ ಇರಲಿಲ್ಲ. ಕಂಪೆನಿಯವರ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಹಿಡಿಯುತ್ತಿದ್ದೆ. ಹುಡುಗಿ ಒಳ್ಳೆಯವಳು, ಧ್ವನಿ ತಗ್ಗಿಸಿ, "ಅಮ್ಮನಿಗೆ ವಯಸ್ಸಾಗಿದೆ, ಗೊತ್ತಾಗದೆ ಹೇಳಿದ್ರು ಅಂತ ಒಂದು ಲೆಟರ್ ಮಾಡಿಸಿ ನೋಡಿ," ಎಂದಳು.

ವಾರ್ಡಿನ ಹೊರಗಿನ ಸಾಲುಕುರ್ಚಿಯಲ್ಲಿ ಅಮ್ಮ ಕಿತ್ತಳೆ ಸುಲಿಯುತ್ತ ಕುಳಿತಿದ್ದಳು. ನಾಳೆ ಸತ್ತೇ ಹೋಗುವುದಿದ್ದರೂ ನಾನು ಅವಳಿಗೆ ಹಾಗೆ ಹೇಳಬಾರದಿತ್ತು. ಹೇಳಿದೆ. "ನಿನ್ನ ಹತ್ರ ಯಾರು ಕೇಳಿದ್ರು? ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ ನಿನಗೆ? ನಿನ್ನ ಒಂದು ಮಾತಿನಿಂದ ಎಲ್ಲ ಹಾಳಾಯ್ತು!" ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಸದಾನಂದ ನನ್ನ ಭುಜ ಹಿಡಿದು, "ವನಿತಾ, ಸಾಕು, ನಿನಗೆ ಉಸಿರು ಕಟ್ತದೆ," ಎಂದರು. ಅಮ್ಮನಿಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ಸದಾನಂದ ಬಿಡಿಸಿ ಹೇಳಿದ ಮೇಲೆ, ಸುಲಿದ ಕಿತ್ತಳೆಯನ್ನು ಕೈಯಲ್ಲೇ ಹಿಡಿದುಕೊಂಡು, "ಆದ್ರೆ ಅದು ನಿಜ ಅಲ್ವಾ?" ಎಂದಳು.

ಆದರೂ ಹೋದಳು. ಆ ಎಳೆಯ ಡಾಕ್ಟರ ಎದುರು ನಿಂತು, ತನಗೆ ವಯಸ್ಸಾಗಿದೆ, ನೆನಪು ಸರಿ ಇಲ್ಲ, ಮಗಳಿಗೆ ಮೂರು ತಿಂಗಳಿನಿಂದ ಮಾತ್ರ ತೊಂದರೆ, ಇಂಜೆಕ್ಷನ್ ಕೊಡಿಸಿದ್ದು ಬೇರೆ ಯಾವುದೋ ಮಗುವಿಗೆ, ಎಂದು ಹೇಳಿದಳು. ಹಾಗೆಂದು ಬರೆದ ಕಾಗದಕ್ಕೆ ಸಹಿ ಹಾಕಿದಳು. ಡಾಕ್ಟರು ಅವಳ ಮುಖ ನೋಡಲಿಲ್ಲ, ಪಾಪ. ಆ ಕಾಗದದಿಂದ ಪ್ರಯೋಜನವಾಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು, ಇದನ್ನು ಈಗಲಾದರೂ ಒಪ್ಪಿಕೊಳ್ಳುತ್ತೇನೆ. ಒಂದೇ ಕಡತದಲ್ಲಿ ಎರಡು ಥರದ ಹೇಳಿಕೆ ಸಿಕ್ಕರೆ ನಮ್ಮ ಆಫೀಸಿನಲ್ಲಿ ಅದಕ್ಕಿಂತ ದೊಡ್ಡ ಬೇಟೆ ಇಲ್ಲ. ಗೊತ್ತಿದ್ದೂ ಅಮ್ಮನಿಂದ ಸುಳ್ಳು ಹೇಳಿಸಿದೆ. ಎರಡು ದಿನದಲ್ಲಿ ಉತ್ತರ ಬಂತು, ಹಳೆಯ ಕಾಯಿಲೆಯನ್ನು ಮರೆಮಾಚಲಾಗಿದೆ, ಕೊಡುವುದಿಲ್ಲ.

ಹಣ ಹೇಗೆ ಹೊಂದಿಸಿದೆವು ಎಂದು ಬರೆಯುವುದಿಲ್ಲ. ಅದನ್ನು ಕೇಳಿ ಯಾರಿಗೂ ಧೈರ್ಯ ಬರುವುದಿಲ್ಲ, ಮರುಕವಷ್ಟೇ ಬರುತ್ತದೆ. ಅಮ್ಮನ ಕೊರಳು ಅಂದಿನಿಂದ ಬರಿದಾಯಿತು ಎಂದರೆ ಸಾಕು.

ಆಪರೇಷನ್ನಿನ ಬಗ್ಗೆ ಹೇಳಲು ನನಗೆ ಹೆಚ್ಚೇನೂ ಗೊತ್ತಿಲ್ಲ. ಗಾಲಿಮಂಚದಲ್ಲಿ ಮಲಗಿ ಹೋಗುವಾಗ ಛಾವಣಿಯ ಲೈಟುಗಳು ಒಂದೊಂದಾಗಿ ಹಿಂದೆ ಸರಿದದ್ದು, ಹಲ್ಲು ಕಟಕಟಿಸುವಷ್ಟು ಚಳಿ, ಇಷ್ಟೇ. ಎಚ್ಚರವಾದಾಗ ಬಾಯಿಯಲ್ಲಿ ಕೊಳವೆ, ಕೈ ಕಟ್ಟಿದ್ದರು. ಬಾಯಾರಿಕೆಯೆಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಐಸಿಯುವಿನಲ್ಲಿ ನೆಲ ಒರೆಸುವ ಒಬ್ಬ ಹೆಂಗಸು, ನರ್ಸಿನ ಅನುಮತಿ ಕೇಳಿ, ಹತ್ತಿಯನ್ನು ನೀರಿನಲ್ಲಿ ಅದ್ದಿ ನನ್ನ ತುಟಿಗೆ ಒತ್ತಿದಳು. "ದಾನೆ ಅಕ್ಕ, ಮಾತ ಸಮ ಆಪುಂಡು," ಎಂದಳು, ಎಲ್ಲ ಸರಿಯಾಗುತ್ತದೆ ಎಂದು. ಆ ಯಂತ್ರಗಳ ನಡುವೆ ತುಳು ಕೇಳಿ ಕಣ್ಣಲ್ಲಿ ನೀರು ಬಂತು. ಅವಳ ಹೆಸರು ಕೇಳಿಕೊಳ್ಳಲಿಲ್ಲ. ಅವಳಿಗೆ ಇದನ್ನು ಓದುವ ಸಂದರ್ಭ ಬರಲಿಕ್ಕಿಲ್ಲ, ಆದರೂ ಬರೆದಿಡುತ್ತೇನೆ.

ಮನೆಗೆ ಬಂದ ಮೇಲೆ ಅಮ್ಮ ನಾಲ್ಕು ತಿಂಗಳು ನನ್ನ ಜೊತೆಗಿದ್ದಳು. ರಕ್ತ ತೆಳುವಾಗುವ ಗುಳಿಗೆ ಜೀವನಪೂರ್ತಿ ನುಂಗಬೇಕು, ಸೊಪ್ಪುಗಳನ್ನು ಮನಬಂದಂತೆ ತಿನ್ನುವಂತಿಲ್ಲ. ಬಸಳೆ ಎಂದರೆ ಪ್ರಾಣ ಬಿಡುವ ಅಮ್ಮ ನಮ್ಮ ಹಿತ್ತಿಲಿನ ಬಸಳೆ ಚಪ್ಪರವನ್ನೇ ಕಿತ್ತು ಹಾಕಿದಳು, ಕಂಡರೆ ನನಗೆ ಆಸೆಯಾಗುತ್ತದೆಂದು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದು ನನಗೆ ನೆನಪಿಲ್ಲ. ಅದರ ಬದಲು ಆ ವರ್ಷದ ದೀಪಾವಳಿಗೆ ನಾನು ಅಮ್ಮನಿಗೆ ಒಂದು ಪಾಲಿಸಿ ಮಾಡಿಸಿದೆ. ಈ ಸಲ ಫಾರಂ ನಾನೇ ತುಂಬಿದೆ. ಅವಳಿಗಿದ್ದ ಶುಗರ್, ಬಿಪಿ ಎರಡನ್ನೂ ನಿಜ ಬರೆದೆ. ಅವೆರಡರ ಚಿಕಿತ್ಸೆಗೆ ಹಣ ಸಿಗಲು ಎರಡು ವರ್ಷ ಕಾಯಬೇಕಿತ್ತು. ಅಮ್ಮನಿಗೆ ಇಷ್ಟೆಲ್ಲ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

"ಎರಡು ವರ್ಷ ಆಗುವವರೆಗೆ ಯಾವ ಡಾಕ್ಟ್ರ ಹತ್ರವೂ ಜಾಸ್ತಿ ಮಾತಾಡ್ಬೇಡ," ಎಂದೆ. "ಎಂತ ಕೇಳಿದ್ರೂ ಎರಡು ದಿನದಿಂದ ಅಂತ ಹೇಳು. ಆಯ್ತಾ?"

"ಎರಡು ದಿನದಿಂದ," ಎಂದಳು ಅಮ್ಮ. ಪಾಲಿಸಿಯ ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಡಚಿ, ಮುಂಡಾಜೆಗೆ ಕೊಂಡುಹೋದಳು.

ನಾನು ಮತ್ತೆ ಕೆಲಸಕ್ಕೆ ಹೋದೆ. ಬಿಡಬೇಕಿತ್ತು ಎನ್ನುವವರು ನನ್ನ ತಿಂಗಳ ಗುಳಿಗೆ ತಂದುಕೊಡಲಿ. ಆಗ ಅಮೆರಿಕದಲ್ಲಿ ಈ ಅನುಮತಿಯ ಪದ್ಧತಿಯ ಮೇಲೆಯೇ ದೊಡ್ಡ ಗಲಾಟೆ. ಆರೋಗ್ಯಕ್ಕೆ ದೇಶ ಸುರಿಯುವ ಹಣ ಎಲ್ಲಿ ಹೋಗುತ್ತದೆ, ಕಂಪೆನಿಗಳಿಗೆ ಇಲ್ಲ ಎನ್ನುವ ಹಕ್ಕು ಎಷ್ಟಿರಬೇಕು ಎಂದು ಕೋಟು ತೊಟ್ಟವರು ವಾದಿಸುವುದನ್ನು ನಾವು ಊಟದ ಹೊತ್ತಿನಲ್ಲಿ ರೋಶನನ ಮೊಬೈಲಿನಲ್ಲಿ ನೋಡುತ್ತಿದ್ದೆವು. ಹಳೆಯ ಕಾಯಿಲೆ ಎಂದು ಹೇಳಿ ಅಲ್ಲಿ ಈಗ ಯಾರನ್ನೂ ಹೊರಗಿಡುವಂತಿಲ್ಲವಂತೆ. ಅದಕ್ಕೆ ಕಾನೂನು ಮಾಡಲು ಎಷ್ಟೋ ವರ್ಷ ಜಗಳವಾಡಿದ್ದಾರೆ. ಈಗಿನ ಜಗಳ ನಮ್ಮ ಹಳದಿ ಬಣ್ಣದ್ದು. "ಈ ಬಿಲ್ ಪಾಸಾದ್ರೆ ನಮ್ಮ ಫ್ಲೋರ್ ಖಾಲಿ ಅಕ್ಕ. ಎಲ್ಲರೂ ಕೆಳಗೆ ಬೇಕರಿಯಲ್ಲಿ ಕೆಲಸ ಕೇಳ್ಬೇಕು," ಎಂದ ರೋಶನ್. ನಗಲು ಹೇಳಿದ್ದು, ಯಾರೂ ನಗಲಿಲ್ಲ. ನಮ್ಮಲ್ಲಿ ಸಾಲ ಮಾಡಿ ಮನೆ ಕಟ್ಟಿದವರಿದ್ದರು, ಮದುವೆ ನಿಶ್ಚಯವಾದ ಹುಡುಗಿಯರಿದ್ದರು.

ಬಿ.ಸಿ. ರೋಡಿನ ಬಸ್ಸಿನಲ್ಲಿ ಬರುವ ನಾವು ಆರು ಜನ ಒಂದು ಶುಕ್ರವಾರ ಪೊಳಲಿಗೆ ಹೋಗಿ ಹೂವಿನ ಪೂಜೆ ಮಾಡಿಸಿದೆವು. ಅಮೆರಿಕದಲ್ಲಿ ರೋಗಿಗಳಿಗೆ ಅನುಕೂಲವಾಗುವ ಕಾನೂನು ಬಾರದಿರಲಿ ಎಂದು ಬಂಟ್ವಾಳ ತಾಲೂಕಿನ ದೇವಿಯ ಎದುರು ಪ್ರಾರ್ಥನೆ! ಭಟ್ಟರು ಸಂಕಲ್ಪ ಏನೆಂದು ಕೇಳಿದಾಗ ಒಬ್ಬಳು, "ಉದ್ಯೋಗದಲ್ಲಿ ತೊಂದರೆ ಬಾರದ ಹಾಗೆ," ಎಂದಳು. ಹೊಲಿದ ಎದೆಯ ಮೇಲೆ ಕೈಜೋಡಿಸಿ ನಾನೂ ನಿಂತಿದ್ದೆ. ಮೊಣಕಾಲಿನ ಅಜ್ಜ ನೆನಪಾದ. ಆದರೂ ಬೇಡಿಕೊಂಡೆ. ಮನಸ್ಸು ಬದಲಾಯಿತು, ಕಾಯಿಲೆ ನನ್ನನ್ನು ತಿದ್ದಿತು ಎಂದು ಬರೆಯಬಹುದಿತ್ತು, ಅದು ಸುಳ್ಳಾಗುತ್ತದೆ.

ಅಮ್ಮ ತಿಂಗಳಿಗೊಮ್ಮೆ ಬರುತ್ತಿದ್ದಳು. ಆಮೇಲೆ ಬರುವುದು ಕಡಿಮೆಯಾಯಿತು. ಫೋನಿನಲ್ಲಿ ಧ್ವನಿ ಸಣ್ಣದಾದಂತಿತ್ತು, ನೆಟ್‌ವರ್ಕ್ ಎಂದುಕೊಂಡೆ. ಬಂದಾಗ ಊಟಕ್ಕೆ ಕರೆದರೆ, ಇವತ್ತು ಸೋಮವಾರ ಒಪ್ಪತ್ತು, ಇವತ್ತು ಶನಿವಾರ ಒಪ್ಪತ್ತು. ನನ್ನ ಆಪರೇಷನ್ನಿಗೆ ಹರಕೆ ಹೊತ್ತಿರಬೇಕು ಎಂದು ನಾನು ಕೇಳಲಿಲ್ಲ. ಎರಡನೇ ವರ್ಷದ ಬೇಸಗೆಯಲ್ಲಿ ಚಿಕ್ಕಮ್ಮನ ಫೋನ್ ಬಂತು. "ನೀನೊಮ್ಮೆ ಬಂದು ಹೋಗು ಮಗಾ. ಅಕ್ಕ ಬರೇ ಗಂಜಿತಿಳಿ ಕುಡಿಯುವುದು. ಕೇಳಿದ್ರೆ ವ್ರತ ಅಂತಾಳೆ. ಇದು ಎಂಥ ವ್ರತ ಮಾರಾಯ್ತಿ, ಮುಗಿಯುವುದೇ ಇಲ್ಲ?"

ಚಾರ್ಮಾಡಿ ರಸ್ತೆಯ ಮುಂಡಾಜೆ ಸ್ಟಾಪಿನಲ್ಲಿ ಬಸ್ಸಿಳಿದಾಗ ಅಮ್ಮ ಎದುರಿಗೇ ನಿಂತಿದ್ದಳು. ನಾನು ಅವಳನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟೆ, ಗುರುತು ಸಿಗಲಿಲ್ಲ. ರವಿಕೆಯ ತೋಳಿನೊಳಗೆ ಕೈ ಇರಲೇ ಇಲ್ಲ ಎನ್ನಬೇಕು. "ಎಂತ ಇಲ್ಲ, ಗ್ಯಾಸ್ಟ್ರಿಕ್. ಎರಡು ದಿನದಿಂದ," ಎಂದಳು.

ಮಧ್ಯಾಹ್ನ ಅವಳು ಮಲಗಿದ್ದಾಗ ಅವಳ ಚೀಟಿಗಳನ್ನು ಹುಡುಕಿದೆ. ಪಾಲಿಸಿಯ ಪ್ಲಾಸ್ಟಿಕ್ ಚೀಲದಲ್ಲೇ ಇದ್ದವು. ಬೆಳ್ತಂಗಡಿಯ ಒಬ್ಬ ಡಾಕ್ಟರದು, ಉಜಿರೆಯ ಇನ್ನೊಬ್ಬರದು, ಮತ್ತೆ ಬೆಳ್ತಂಗಡಿಯ ಮೂರನೆಯವರದು. ಮೂರರಲ್ಲೂ ಹೊಟ್ಟೆಯುರಿಯ ಗುಳಿಗೆ. ಮೂರರಲ್ಲೂ ತೊಂದರೆಯ ಅವಧಿ ಎರಡು ದಿನ. ಮೊದಲನೆಯ ಚೀಟಿಗೂ ಕೊನೆಯದಕ್ಕೂ ನಡುವೆ ಏಳು ತಿಂಗಳ ಅಂತರ ಇತ್ತು. ಪ್ರತಿ ಸಲ ಹೊಸ ಡಾಕ್ಟರು, ಹಳೆಯ ಚೀಟಿ ಕೇಳದ ಹಾಗೆ.

ಚೀಲದ ಅಡಿಯಲ್ಲಿ ಒಂದು ನೋಟ್‌ಬುಕ್. ಅಂಗನವಾಡಿಯ ಅದೇ ಕೈಬರಹ, ಸ್ಕೇಲ್ ಇಟ್ಟು ಎಳೆದ ಅದೇ ಮೂರು ಕಾಲಂ: ತಾರೀಕು, ತೂಕ, ಷರಾ. ತಿಂಗಳಿಗೊಮ್ಮೆ ತನ್ನ ಹಳೆಯ ಅಂಗನವಾಡಿಗೆ ಹೋಗಿ, ಬಸುರಿಯರನ್ನು ತೂಗುವ ಮಾಪಕದ ಮೇಲೆ ನಿಂತು ಬರುತ್ತಿದ್ದಳು. ಮೊದಲ ಸಾಲು ಹಿಂದಿನ ಮಳೆಗಾಲದ ಆಟಿ ತಿಂಗಳದು. ಐವತ್ತೆಂಟು ಕಿಲೋ, ಚಪಾತಿ ಗಂಟಲಲ್ಲಿ ಸಿಕ್ಕಿಕೊಂಡಿತು. ಆಮೇಲೆ ಐವತ್ತೈದು, ಅನ್ನ ನೀರಿನೊಂದಿಗೆ ಇಳಿಯುತ್ತದೆ. ಐವತ್ತು, ಗಂಜಿ ಮಾತ್ರ. ನಲವತ್ತನಾಲ್ಕು, ತಿಳಿ ಮಾತ್ರ. ಕೊನೆಯ ಸಾಲು ಮೂವತ್ತೊಂಬತ್ತು. ಅದರ ಷರಾದಲ್ಲಿ ಕಾಯಿಲೆಯ ಮಾತೇ ಇರಲಿಲ್ಲ. ಎರಡು ವರ್ಷಕ್ಕೆ ಇನ್ನು ಏಳು ತಿಂಗಳು ಎಂದಿತ್ತು.

ಡಾಕ್ಟರಿಗೆ ಸುಳ್ಳು ಹೇಳಲು ಕಲಿತಿದ್ದಳು, ರಿಜಿಸ್ಟರಿಗೆ ಹೇಳಲು ಆಗಿರಲಿಲ್ಲ.

ಈಗ ಹೇಳಲು ನಾಚಿಕೆಯಾಗುತ್ತದೆ. ಆ ಪುಟದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಅಮ್ಮನ ತೂಕಕ್ಕಲ್ಲ, ತಾರೀಕಿಗೆ. ಪಾಲಿಸಿ ಮಾಡಿದ್ದು ದೀಪಾವಳಿಗೆ, ಚಪಾತಿ ಸಿಕ್ಕಿಕೊಂಡದ್ದು ಮುಂದಿನ ಆಟಿಯಲ್ಲಿ. ಎಂಟು ತಿಂಗಳ ಅಂತರ. ಪಾಲಿಸಿ ಮಾಡಿದ ಮೇಲೆ ಬಂದ ಹೊಸ ಕಾಯಿಲೆಗೆ ಮೊದಲ ಒಂದು ತಿಂಗಳು ಬಿಟ್ಟರೆ ಕಾಯಬೇಕಾದ್ದೇ ಇಲ್ಲ. ಎರಡು ವರ್ಷದ ಮಾತು ಶುಗರಿಗೆ, ಬಿಪಿಗೆ. ಆ ಮೊದಲ ದಿನವೇ ಅವಳು ಡಾಕ್ಟರ ಎದುರು ತನ್ನ ನಿಧಾನದ ಕನ್ನಡದಲ್ಲಿ ಎಲ್ಲವನ್ನೂ ಹೇಳಿದ್ದರೆ ಒಂದು ಪೈಸೆಯೂ ತಪ್ಪುತ್ತಿರಲಿಲ್ಲ. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ನಾನು ಒಂದು ಹತ್ತು ನಿಮಿಷ ಕುಳಿತು ಹೇಳಿಕೊಟ್ಟಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು, ಮೂವತ್ತು ವರ್ಷ ಸರಕಾರದ ಸುತ್ತೋಲೆ ಓದಿದವಳು.

ಮರುದಿನ ಮಂಗಳೂರಿನಲ್ಲಿ ಡಾಕ್ಟರು, "ಯಾವಾಗಿನಿಂದ ನುಂಗಲಿಕ್ಕೆ ಕಷ್ಟ?" ಎಂದು ಕೇಳಿದರು. "ಎರಡು ದಿನದಿಂದ," ಎಂದಳು ಅಮ್ಮ. ಹೇಳಿ ನನ್ನ ಕಡೆ ನೋಡಿದಳು, ಸರಿಯಾಗಿ ಹೇಳಿದೆನಲ್ಲ ಎನ್ನುವ ಹಾಗೆ. ಡಾಕ್ಟರು ಆ ಮೂಳೆ ಮೈಯನ್ನೂ ನನ್ನನ್ನೂ ನೋಡಿ ಪೆನ್ನು ಕೆಳಗಿಟ್ಟರು. ಅಮ್ಮನನ್ನು ಸ್ಕ್ಯಾನಿಗೆ ಒಳಗೆ ಕರೆದೊಯ್ದ ಮೇಲೆ ಆ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲಿಟ್ಟೆ. ಅವರು ಮೊದಲಿನಿಂದ ಕೊನೆಯವರೆಗೆ ಓದಿದರು. "ಈ ಮೊದಲ ಸಾಲಿನ ಹೊತ್ತಿಗೆ ಬಂದಿದ್ರೆ ಆಪರೇಷನ್ ಮಾಡಬಹುದಿತ್ತು," ಎಂದರು. ಅನ್ನನಾಳದ ಕ್ಯಾನ್ಸರ್. ಇನ್ನು ಹೊಟ್ಟೆಗೆ ಕೊಳವೆ ಹಾಕಿ ಗಂಜಿ ಇಳಿಸಬಹುದು, ನೋವಿಗೆ ಔಷಧಿ ಕೊಡಬಹುದು, ಅಷ್ಟೇ ಎಂದರು.

ಕೊಳವೆ ಹಾಕಿದ ಮೂರನೇ ದಿನ ಇನ್ಶೂರೆನ್ಸ್ ಡೆಸ್ಕಿನಿಂದ ಕರೆ ಬಂತು. ನನ್ನ ಸಲ ಇದ್ದ ಅದೇ ಹುಡುಗಿ. ಕಂಪೆನಿಯವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ, ಪೂರ್ತಿ ಪಾಸಾಗಿತ್ತು. ಡಾಕ್ಟರು ಕೇಸ್ ಶೀಟಿನಲ್ಲಿ ಬರೆದ ನೋಟ್‌ಬುಕ್ಕಿನ ಮೊದಲ ತಾರೀಕು ಎಲ್ಲಕ್ಕೂ ಉತ್ತರ ಕೊಟ್ಟಿತ್ತು. "ಒಳ್ಳೇದಾಯ್ತು ಅಲ್ವಾ ಅಕ್ಕ," ಎಂದಳು ಹುಡುಗಿ. ಹೌದು ಎಂದೆ.

ಮೇಲೆ ಬಂದಾಗ ಅಮ್ಮ ಎಚ್ಚರವಿದ್ದಳು. ನನ್ನ ಕೈಯಲ್ಲಿದ್ದ ಕಾಗದ ಕಂಡು ಹುಬ್ಬೇರಿಸಿದಳು. "ಪಾಸಾಯ್ತಮ್ಮ, ಎಲ್ಲ," ಎಂದೆ. ಎಷ್ಟೋ ತಿಂಗಳಿನಿಂದ ಕಾಣದ ನಗು ಆ ಮುಖದಲ್ಲಿ ಬಂತು. ಹತ್ತಿರ ಬಾ ಎಂದು ಬೆರಳಾಡಿಸಿದಳು. ನಾನು ಬಗ್ಗಿ ಕಿವಿಯಿಟ್ಟೆ. ನನ್ನ ಎದೆಯ ಸದ್ದಿನ ನಡುವೆ ಅವಳ ಮಾತು ಕಷ್ಟಪಟ್ಟು ಕೇಳಿಸಿತು.

"ಮೂರು ಜನ ಡಾಕ್ಟ್ರು ಕೇಳಿದ್ರು. ಒಬ್ಬರ ಹತ್ರವೂ ನಾನು ಬಾಯಿ ಬಿಡ್ಲಿಲ್ಲ. ಅದಕ್ಕೇ ಪಾಸಾದದ್ದು." ಸ್ವಲ್ಪ ಸುಧಾರಿಸಿಕೊಂಡಳು. "ಅವತ್ತು ನಿನ್ನದು ಹಾಳು ಮಾಡಿದ್ದೆ. ಈಗ ಸಮ ಆಯ್ತಲ್ಲ ಮಗಾ?"

"ಸಮ ಆಯ್ತಮ್ಮ," ಎಂದೆ.